ಮೂರು ಕ್ವಿಂಟಲ್ ಕೊಬ್ಬರಿಗೆ ಎಂಥ ರಿಸೀವರ್?

ಗೋಡೆಗೆ ನೇತುಹಾಕುವ ಟಿವಿ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ, ಅದರ ದನಿಯೂ ಜೊತೆಜೊತೆಗೇ ಸೊರಗುತ್ತಿದೆ. ಹಳೆಯ ಡಬ್ಬಾ ಟಿವಿಯ ಸ್ಪೀಕರ್ ನೋಡುವವರ ಕಡೆಗೆ ಮುಖ ಮಾಡಿರುತ್ತಿತ್ತು. ಈಗಿನದರಲ್ಲಿ ಅದು ಕೆಳಕ್ಕೋ ಹಿಂದಕ್ಕೋ ತಿರುಗಿಕೊಂಡು ಗೋಡೆಯ ಜೊತೆ ಮಾತಾಡುತ್ತದೆ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಿರಲಿ, ಪಕ್ಕದ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಿರಲಿ, ಬೆಂಗಳೂರಿನಲ್ಲಿರುವ ಮಗ ದೊಡ್ಡ ಟಿವಿ ತಂದು ಕೂರಿಸಿ, ಒಟಿಟಿ ಹಾಕಿಸಿಕೊಟ್ಟು ಹೋಗಿರುತ್ತಾನೆ. ಚಿತ್ರ ಕಣ್ಣಿಗೆ ಕಟ್ಟುವ ಹಾಗಿರುತ್ತದೆ. ಮಾತು ಮಾತ್ರ ಯಾರಿಗೂ ತಿಳಿಯುವುದಿಲ್ಲ. ದನಿ ಹೆಚ್ಚಿಸಿದರೆ ಹೊಡೆದಾಟದ ಸದ್ದಿಗೆ ಮಲಗಿದ್ದ ಕೂಸು ಏಳುತ್ತದೆ, ತಗ್ಗಿಸಿದರೆ ಅಜ್ಜಿ ‘ಏನಂದ್ನಪ್ಪಾ ಅವ್ನು?’ ಅಂತಾರೆ. ಹೋಮ್ ಥಿಯೇಟರ್ ಹಾಕಿಸೋಣ ಎಂಬ ಮಾತು ಹುಟ್ಟುವುದು ಅಲ್ಲಿ.

ಹೋಮ್ ಥಿಯೇಟರ್ ಎಂದು ಅಂಗಡಿಯವರು ಮೂರು ಬೇರೆ ಬೇರೆ ಸಾಮಾನುಗಳನ್ನು ಕರೆಯುತ್ತಾರೆ. ಟಿವಿಯ ಕೆಳಗೆ ಮಲಗಿಸುವ ಸೌಂಡ್‌ಬಾರ್ ಒಂದು. ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುವ ಸೆಟ್ ಇನ್ನೊಂದು. ರಿಸೀವರ್ ಬೇರೆ, ಸ್ಪೀಕರ್ ಬೇರೆ ಕೊಂಡು ಜೋಡಿಸುವುದು ಮೂರನೆಯದು. ಈ ಲೇಖನ ಮೂರನೆಯದರ ಬಗ್ಗೆ. ಸೌಂಡ್‌ಬಾರ್ ಕೆಟ್ಟದ್ದೇನಲ್ಲ. ಹತ್ತು ಅಡಿ ಅಗಲದ ಕೋಣೆ, ಇಬ್ಬರೋ ಮೂವರೋ ನೋಡುವವರು ಎಂದಾದರೆ ಅದನ್ನೇ ತಂದು ನೆಮ್ಮದಿಯಾಗಿರಿ. ಆದರೆ ಅದರಲ್ಲಿ ಒಂದು ಭಾಗ ಕೆಟ್ಟರೆ ಇಡೀ ಸೆಟ್ಟು ಮೂಲೆ ಸೇರುತ್ತದೆ. ರಿಸೀವರ್ ವ್ಯವಸ್ಥೆಯಲ್ಲಿ ಸ್ಪೀಕರ್ ಹೋದರೆ ಸ್ಪೀಕರ್, ರಿಸೀವರ್ ಹೋದರೆ ರಿಸೀವರ್ ಬದಲಿಸಿಕೊಳ್ಳಬಹುದು. ಈ ವರ್ಷ ಎರಡು, ಮುಂದಿನ ಹಂಗಾಮಿಗೆ ಇನ್ನೆರಡು ಎಂದು ಸ್ಪೀಕರ್ ಸೇರಿಸುತ್ತಲೂ ಹೋಗಬಹುದು. ಒಳ್ಳೆಯ ಸ್ಪೀಕರ್ ಇಪ್ಪತ್ತು ವರ್ಷ ಬಾಳುವ ಸಾಮಾನು.

ರಿಸೀವರ್ ಎಂದರೆ ಕೊಬ್ಬರಿ ಮಂಡಿ ಇದ್ದಂತೆ. ಎಲ್ಲೆಲ್ಲಿಂದಲೋ ಬಂದ ಮಾಲು ಅಲ್ಲಿ ಇಳಿಯುತ್ತದೆ, ಬೇರ್ಪಡುತ್ತದೆ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಟಿವಿ, ಡಿಶ್ ಬಾಕ್ಸ್, ಪೆನ್‌ಡ್ರೈವ್, ಫೋನು ಯಾವುದರಿಂದ ಬಂದ ಸದ್ದನ್ನಾದರೂ ಬಿಡಿಸಿ, ಮಾತು ಯಾವ ಸ್ಪೀಕರಿಗೆ, ಮಳೆ ಯಾವುದಕ್ಕೆ, ತಮಟೆಯ ತಳದ ಗುಡುಗು ಯಾವುದಕ್ಕೆ ಎಂದು ಹಂಚಿ, ಆ ಸ್ಪೀಕರ್‌ಗಳನ್ನು ನುಡಿಸುವಷ್ಟು ಶಕ್ತಿಯನ್ನೂ ಕೊಟ್ಟು ಕಳಿಸುತ್ತದೆ. ಅಷ್ಟೇ ಅದರ ಕೆಲಸ. ಉಳಿದದ್ದೆಲ್ಲ ಪೆಟ್ಟಿಗೆಯ ಮೇಲಿನ ಸ್ಟಿಕ್ಕರು.

ದುಡ್ಡಿನ ಲೆಕ್ಕವನ್ನು ನಮ್ಮ ಸೀಮೆಯ ಅಳತೆಯಲ್ಲೇ ಹಾಕೋಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಏರುತ್ತದೆ, ಇಳಿಯುತ್ತದೆ, ಅದನ್ನು ನಂಬಿ ಬಜೆಟ್ ಮಾಡಲಾಗದು. ಬೆಂಬಲ ಬೆಲೆಯನ್ನೇ ಹಿಡಿದರೆ ಎಂಟು ಕ್ವಿಂಟಲ್‌ಗೆ 96,800 ರೂಪಾಯಿ ಆಯಿತು. ಅದರಲ್ಲಿ ಮೂರು ಕ್ವಿಂಟಲ್ ರಿಸೀವರಿಗೆ, ನಾಲ್ಕು ಕ್ವಿಂಟಲ್ ಸ್ಪೀಕರ್ ಮತ್ತು ಸಬ್‌ವೂಫರ್‌ಗೆ, ಒಂದು ಕ್ವಿಂಟಲ್ ಕರೆಂಟಿನ ಭದ್ರತೆ, ವೈರು, ಚಾಪೆಗೆ. ಇದು ನನ್ನ ಹಂಚಿಕೆ. ಅಂಗಡಿಯವನು ಇದನ್ನು ತಲೆಕೆಳಗು ಮಾಡಲು ನೋಡುತ್ತಾನೆ: ಐದು ಕ್ವಿಂಟಲ್ ರಿಸೀವರಿಗೆ ಸುರಿಸಿ, ಉಳಿದದ್ದರಲ್ಲಿ ಚಿಲ್ಲರೆ ಸ್ಪೀಕರ್ ಕಟ್ಟಿಕೊಡುತ್ತಾನೆ, ಕರೆಂಟಿನ ಮಾತೇ ಎತ್ತುವುದಿಲ್ಲ. ಕಿವಿಗೆ ಕೇಳಿಸುವುದು ಸ್ಪೀಕರ್, ರಿಸೀವರ್ ಅಲ್ಲ. ಮಧ್ಯಮ ಬೆಲೆಯ ಎರಡು ಒಳ್ಳೆಯ ಕಂಪನಿಗಳ ರಿಸೀವರ್‌ಗಳ ನಡುವೆ ಕಿವಿ ಗುರುತಿಸುವ ವ್ಯತ್ಯಾಸ ಬಹಳ ಸಣ್ಣದು. ಎರಡು ಸ್ಪೀಕರ್‌ಗಳ ನಡುವಿನದು ಮಕ್ಕಳಿಗೂ ತಿಳಿಯುತ್ತದೆ.

ಇನ್ನು ವಾಟ್. ‘ಎಷ್ಟು ವಾಟಿಂದು ಕೊಡ್ಲಿ ಅಣ್ಣಾ?’ ಎಂಬುದು ಕೌಂಟರಿನ ಮೊದಲ ಪ್ರಶ್ನೆ. ಟೇಪ್‌ರೆಕಾರ್ಡರ್ ಕಾಲದಲ್ಲಿ ಎರಡು ಗೇಣಿನ ಪೆಟ್ಟಿಗೆಯ ಮೇಲೆ ಸಾವಿರ ವಾಟ್ ಪಿಎಂಪಿಒ ಎಂದು ಬರೆದಿರುತ್ತಿತ್ತಲ್ಲ, ಆ ಚಾಳಿ ಇನ್ನೂ ಹೋಗಿಲ್ಲ, ಸ್ವಲ್ಪ ಮರ್ಯಾದೆ ಕಲಿತಿದೆ ಅಷ್ಟೇ. ಸೋನಿಯ ಎಸ್‌ಟಿಆರ್-ಡಿಎಚ್590 ಎಂಬ 5.2 ಚಾನೆಲ್ ರಿಸೀವರಿನ ವಿವರಪಟ್ಟಿ ನೋಡಿ. ಒಂದು ಕಡೆ 145 ವಾಟ್ ಎಂದಿದೆ: ಒಂದೇ ಚಾನೆಲ್ ನುಡಿಸುತ್ತ, 1 ಕಿಲೋಹರ್ಟ್ಸ್‌ನ ಒಂದೇ ಸ್ವರದಲ್ಲಿ, ಶೇ 0.9 ವಿರೂಪ ಒಪ್ಪಿಕೊಂಡು. ಅದೇ ಪಟ್ಟಿಯಲ್ಲಿ ಇನ್ನೊಂದು ಕಡೆ 90 ವಾಟ್ ಎಂದಿದೆ: ಎರಡು ಚಾನೆಲ್ ನುಡಿಸುತ್ತ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇ 0.09 ವಿರೂಪದಲ್ಲಿ. ಯಂತ್ರ ಒಂದೇ, ಎರಡೂ ಸುಳ್ಳಲ್ಲ. ಹೋಲಿಸುವಾಗ ಎರಡನೆಯ ಬಗೆಯ ಸಂಖ್ಯೆಯನ್ನು ಮಾತ್ರ ಹೋಲಿಸಿ, ಅದೂ 8 ಓಮ್‌ನದನ್ನು 8 ಓಮ್‌ನದರ ಜೊತೆಗೆ, 6ನ್ನು 6ರ ಜೊತೆಗೆ. ಆ ಬಗೆಯ ಸಂಖ್ಯೆಯನ್ನೇ ಕೊಡದ ಕಂಪನಿಯ ರಿಸೀವರ್ ಬೇಡ.

ಎಷ್ಟು ಬೇಕು ಎಂಬುದಕ್ಕೂ ಲೆಕ್ಕವಿದೆ. 88 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ ಒಂದೇ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಸದ್ದು ಮಾಡುತ್ತದೆ. ನೀವು ಮೂರು ಮೀಟರ್ ದೂರ ಕೂತರೆ ಬಯಲಿನಲ್ಲಿ ಅದು 78ರ ಆಸುಪಾಸಿಗೆ ಇಳಿಯುತ್ತದೆ, ಕೋಣೆಯ ಗೋಡೆಗಳು ಒಂದೆರಡು ಡೆಸಿಬಲ್ ವಾಪಸು ಕೊಡುತ್ತವೆ. ಮನುಷ್ಯರು ಸಹಜವಾಗಿ ಆಡುವ ಮಾತು 60ರಿಂದ 65 ಡೆಸಿಬಲ್. ಅಂದರೆ ಸಿನಿಮಾದ ಬಹುಪಾಲು ಹೊತ್ತು ನಿಮ್ಮ ರಿಸೀವರ್ ಒಂದು ವಾಟ್ ಕೂಡ ಖರ್ಚು ಮಾಡುವುದಿಲ್ಲ. ಸ್ಫೋಟದ ಒಂದು ಕ್ಷಣಕ್ಕೆ 95 ಡೆಸಿಬಲ್ ಬೇಕೆಂದರೂ ಮೂವತ್ತು ನಲವತ್ತು ವಾಟ್ ಸಾಕು. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬಲ್. ಎರಡರಷ್ಟು ಜೋರು ಎಂದು ಕಿವಿಗೆ ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. 70 ವಾಟ್‌ನದು ಬಿಟ್ಟು 90ರದ್ದಕ್ಕೆ ಐದು ಸಾವಿರ ಹೆಚ್ಚು ಕೊಟ್ಟರೆ ನೀವು ಕೊಂಡದ್ದು ಒಂದು ಡೆಸಿಬಲ್. ಅದರ ಬದಲು 85ರ ಜಾಗದಲ್ಲಿ 89 ಸೆನ್ಸಿಟಿವಿಟಿಯ ಸ್ಪೀಕರ್ ಆರಿಸಿದರೆ ರಿಸೀವರಿನ ಶಕ್ತಿಯನ್ನು ಎರಡೂವರೆ ಪಟ್ಟು ಮಾಡಿದ ಹಾಗೆ.

ಇಷ್ಟು ಮಾತು ಜಗತ್ತಿನ ಯಾವ ಊರಿಗಾದರೂ ಸಲ್ಲುತ್ತದೆ. ನಮ್ಮ ಕಡೆ ರಿಸೀವರ್ ಸಾಯುವುದು ವಾಟ್ ಸಾಲದೆ ಅಲ್ಲ, ಕರೆಂಟಿನಿಂದ.

ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಬೇರೆ ಬೇರೆ ಫೀಡರ್ ಮಾಡಿದ ಮೇಲೆ ಊರೊಳಗಿನ ವೋಲ್ಟೇಜ್ ಎಷ್ಟೋ ಸುಧಾರಿಸಿದೆ. ತೋಟದ ಮನೆಗಳ ಕತೆ ಬೇರೆ. ಅಲ್ಲಿ ಮೋಟರ್‌ಗಳಿರುವ ಟಿಸಿಯಿಂದಲೇ ಮನೆಗೂ ಲೈನು ಬಂದಿದ್ದರೆ, ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಬೋರ್‌ವೆಲ್‌ಗಳು ಒಟ್ಟಿಗೆ ಎದ್ದು ಬಲ್ಬು ಮಂಕಾಗುತ್ತದೆ. ಅವೆಲ್ಲ ನಿಂತಾಗ ವೋಲ್ಟೇಜ್ ಮೇಲಕ್ಕೆ ಹಾರುತ್ತದೆ. ನಿಯಮದ ಪ್ರಕಾರ 230 ವೋಲ್ಟ್‌ಗೆ ಶೇ 6ರಷ್ಟು ಏರಿಳಿತ, ಅಂದರೆ ಸುಮಾರು 216ರಿಂದ 244ರೊಳಗೆ ಇರಬೇಕು. ಇದೆಯೋ ಇಲ್ಲವೋ ನೋಡಲು ರಿಸೀವರಿಗಿಂತ ಮೊದಲು ಒಂದು ಮಲ್ಟಿಮೀಟರ್ ತನ್ನಿ. ತಿಳಿಯದಿದ್ದರೆ ವೈರಿಂಗ್ ಮಾಡುವವರ ಕೈಲಿ ಬೆಳಿಗ್ಗೆ, ಸಂಜೆ ಏಳರ ಹೊತ್ತಿಗೆ, ಪಂಪ್‌ಸೆಟ್ ಕರೆಂಟು ಬಂದಾಗ, ಹೋದಾಗ ಅಳೆಸಿ ಬರೆದಿಡಿ. ಕಡಿಮೆ ವೋಲ್ಟೇಜಿನಲ್ಲಿ ರಿಸೀವರ್ ಸೋಲುತ್ತದೆ, ಮಧ್ಯೆ ಮಧ್ಯೆ ತಾನೇ ಆಫ್ ಆಗುತ್ತದೆ. ಹೆಚ್ಚಿನ ವೋಲ್ಟೇಜ್ ಸುಟ್ಟೇ ಬಿಡುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಕಟ್. ಗಾಳಿಗೆ ತೆಂಗಿನ ಗರಿ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ ಮನೆಯ ಪ್ಲಗ್ಗಿನಲ್ಲಿ 230 ಇರಬೇಕಾದ ಕಡೆ 400ರ ಹತ್ತಿರಕ್ಕೂ ಹೋಗಬಹುದು. ತೆಂಗಿನ ಸಾಲಿನ ನಡುವೆ ಲೈನು ಹಾದ ಊರುಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಆದ್ದರಿಂದ ಸ್ಟೆಬಿಲೈಸರ್ ಕೊಳ್ಳುವಾಗ ಎರಡು ಗುಣ ಕೇಳಿ: ನೀವು ಅಳೆದ ಅತಿ ಕಡಿಮೆ ವೋಲ್ಟೇಜನ್ನೂ ಎತ್ತಿ ಕೊಡಬೇಕು, ಮಿತಿ ಮೀರಿದ ಹೈ ವೋಲ್ಟೇಜ್ ಬಂದರೆ ತಾನಾಗಿ ಕಡಿದುಹಾಕಬೇಕು. ಟಿವಿ, ರಿಸೀವರ್, ಸಬ್‌ವೂಫರ್ ಮೂರಕ್ಕೂ ಸೇರಿ 1 ಕೆವಿಎ ಸಾಮರ್ಥ್ಯದ್ದು ಸಾಕಾಗುತ್ತದೆ. ಕರೆಂಟು ಹೋಗಿ ಬಂದ ಮೇಲೆ ಒಂದೆರಡು ನಿಮಿಷ ತಡೆದು ಕೊಡುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು.

ಯುಪಿಎಸ್ ಇರುವ ಮನೆಯವರು ಅದು ಸೈನ್ ವೇವ್ ಹೌದೋ ಅಲ್ಲವೋ ನೋಡಿಕೊಳ್ಳಿ. ಈ ಬೆಲೆಯ ರಿಸೀವರ್‌ಗಳಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಏಳೆಂಟು ಕಿಲೋ ತೂಕದಲ್ಲಿ ಅದರ ಪಾಲು ದೊಡ್ಡದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಿದರೆ ಅದು ಗುಂಯ್ಗುಡುತ್ತದೆ, ಬಿಸಿಯಾಗುತ್ತದೆ. ಆ ಲೈನಿಗೆ ಫ್ಯಾನು, ಲೈಟಷ್ಟೇ ಇರಲಿ.

ಸಿಡಿಲು ಇನ್ನೊಂದು. ಅಶ್ವಿನಿ, ಭರಣಿ ಮಳೆಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವುದು ಎಲ್ಲರಿಗೂ ಗೊತ್ತು. ಡಿಶ್‌ನ ಕೇಬಲ್ ಕೀಳುವುದನ್ನು ಬಹಳ ಜನ ಮರೆಯುತ್ತಾರೆ. ತಾರಸಿಯ ಮೇಲಿನ ಡಿಶ್, ಪಕ್ಕದ ಎತ್ತರದ ತೆಂಗಿನ ಮರ, ಅಲ್ಲಿ ಹೊಡೆದ ಸಿಡಿಲಿನ ಹೊಡೆತ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರಿಗೆ. ಎಚ್‌ಡಿಎಂಐ ಬೋರ್ಡು ಹೋದರೆ ದುರಸ್ತಿಯ ಖರ್ಚು ಕೇಳಿಯೇ ಜನ ಹೊಸದು ಕೊಳ್ಳುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ತಂದರೆ ಸಾಕಲ್ಲ ಎಂದರೆ, ಸಾಲದು. ಬಂದ ಹೊಡೆತವನ್ನು ಅದು ಇಳಿಸುವುದು ಅರ್ಥಿಂಗ್‌ಗೆ. ಮನೆ ಕಟ್ಟಿದಾಗ ಇದ್ದಲು, ಉಪ್ಪು ಹಾಕಿ ಹೂತ ಅರ್ಥಿಂಗ್ ಗುಂಡಿ ಈಗ ಒಣಗಿ ಕಲ್ಲಾಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಬೇಸಿಗೆಯಲ್ಲಿ ಆಗಾಗ ಒಂದೆರಡು ಬಿಂದಿಗೆ ನೀರು ಹುಯ್ಯಿರಿ. ಸಬ್‌ವೂಫರ್ ಹಮ್ ಎನ್ನುತ್ತಲೇ ಇದ್ದರೆ ಮೊದಲು ಡಿಶ್ ಕೇಬಲ್ ಬಿಚ್ಚಿ ನೋಡಿ, ಬಹಳ ಸಲ ಅಲ್ಲಿಗೆ ನಿಲ್ಲುತ್ತದೆ. ಹಮ್ ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಮಾಡಬೇಡಿ.

ಈಗ ಅಂಗಡಿಗೆ ಹೋಗೋಣ. ಎಷ್ಟು ಚಾನೆಲ್? ನನ್ನ ಅಭಿಪ್ರಾಯದಲ್ಲಿ ಮೂರು ಕ್ವಿಂಟಲ್ ಬಜೆಟ್ಟಿಗೆ 5.1 ಸಾಕು: ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎರಡು, ಒಂದು ಸಬ್‌ವೂಫರ್. 7.1ರದ್ದು ಕೊಂಡು ಎರಡು ಚಾನೆಲ್ ಖಾಲಿ ಬಿಡುವ ಮನೆಗಳೇ ಹೆಚ್ಚು. ಡಾಲ್ಬಿ ಅಟ್ಮಾಸ್ ಬೇಡವೇ ಎನ್ನುವಿರಿ. ಚಿತ್ರಮಂದಿರಕ್ಕೆ 2012ರಲ್ಲಿ, ಮನೆಯ ರಿಸೀವರ್‌ಗಳಿಗೆ 2014ರಲ್ಲಿ ಬಂದ ಈ ವ್ಯವಸ್ಥೆ ತಲೆಯ ಮೇಲಿಂದಲೂ ಸದ್ದು ಬರುವಂತೆ ಮಾಡುತ್ತದೆ. ಅದಕ್ಕೆ ಸೂರಿನಲ್ಲಿ ಸ್ಪೀಕರ್ ಕೂರಿಸಬೇಕು, ಇಲ್ಲವೇ ಮೇಲ್ಮುಖದ ಸ್ಪೀಕರ್ ಇಟ್ಟು ಸೂರಿಗೆ ಬಡಿಸಿ ಕೆಳಗಿಳಿಸಬೇಕು. ಎರಡನೆಯ ಉಪಾಯ ನಡೆಯುವುದು ಸಪಾಟಾದ ಮೋಲ್ಡ್ ಸೂರಿನಲ್ಲಿ ಮಾತ್ರ. ಇಳಿಜಾರು ಹೆಂಚಿನ ಮನೆಯಲ್ಲಿ ಸದ್ದು ಎಲ್ಲೆಲ್ಲಿಗೋ ಹೋಗುತ್ತದೆ. ಅಟ್ಟದಲ್ಲಿ ಕಾಯಿ ತುಂಬಿದ ಹಳೆಯ ಮನೆಯಲ್ಲಂತೂ ಮೇಲಿಂದ ವಾಪಸು ಬರುವುದು ಏನೂ ಇಲ್ಲ. ಮೋಲ್ಡ್ ಮನೆಯಿದ್ದು ನಾಲ್ಕೈದು ಕ್ವಿಂಟಲ್ ರಿಸೀವರಿಗೇ ಹಾಕಬಲ್ಲವರು 7.2 ಚಾನೆಲ್‌ನ ಅಟ್ಮಾಸ್ ರಿಸೀವರ್‌ಗಳನ್ನು ನೋಡಬಹುದು. ಡೆನಾನ್‌ನ ಎವಿಆರ್-ಎಕ್ಸ್1700ಎಚ್, ಯಮಹಾದ ಆರ್‌ಎಕ್ಸ್-ವಿ6ಎ ಆ ಸಾಲಿನವು.

ಸೆಂಟರ್ ಸ್ಪೀಕರ್ ವಿಚಾರದಲ್ಲಿ ಜಿಪುಣತನ ಬೇಡ. ಸಿನಿಮಾದ ಮಾತು ಬಹುಪಾಲು ಬರುವುದು ಅಲ್ಲಿಂದಲೇ. ಗುಬ್ಬಿ ಕಂಪನಿಯ ನಾಟಕ ಕಟ್ಟಿದ ಜಿಲ್ಲೆ ನಮ್ಮದು, ಇಲ್ಲಿನವರಿಗೆ ಮಾತು ಕೇಳಿಸದ ಆಟ ಆಟವೇ ಅಲ್ಲ. 1972ರ ‘ಬಂಗಾರದ ಮನುಷ್ಯ’ದಂಥ ಹಳೆಯ ಚಿತ್ರಗಳ ಸದ್ದು ಮೋನೊ. ಎಡಕ್ಕೂ ಬಲಕ್ಕೂ ಒಂದೇ ಸದ್ದು ಬಂದಾಗ ರಿಸೀವರಿನ ಡಾಲ್ಬಿ ಸರೌಂಡ್ ಮೋಡ್ ಅದನ್ನು ಸೆಂಟರಿಗೇ ಕಳಿಸುತ್ತದೆ. ಅಂದರೆ ರಾಜ್‌ಕುಮಾರ್ ಚಿತ್ರ ನೋಡುವವರಿಗೆ ಹಾಡು, ಮಾತು ಎಲ್ಲ ಸೆಂಟರ್ ಸ್ಪೀಕರಿನದ್ದೇ ದುಡಿಮೆ. ಮುಂದಿನ ಮೂರೂ ಸ್ಪೀಕರ್ ಒಂದೇ ಕಂಪನಿಯ ಒಂದೇ ಮಾಲಿಕೆಯವಾಗಿರಲಿ. ದುಡ್ಡು ಸಾಲದಿದ್ದರೆ ಹಿಂದಿನ ಎರಡನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಟಿವಿ ಮತ್ತು ರಿಸೀವರ್ ನಡುವಿನ ತಂತಿಯ ವಿಷಯದಲ್ಲೂ ದುಡ್ಡು ಉಳಿಸಬಹುದು. ಟಿವಿಯ ಹಿಂದೆ ಒಂದು ಎಚ್‌ಡಿಎಂಐ ತೂತಿನ ಪಕ್ಕ ಆರ್ಕ್ ಅಥವಾ ಇ-ಆರ್ಕ್ ಎಂದಿರುತ್ತದೆ. ಟಿವಿಯೊಳಗಿನ ಆ್ಯಪ್‌ಗಳ ಸದ್ದು ಅದೇ ತಂತಿಯಲ್ಲಿ ರಿಸೀವರಿಗೆ ಬರುತ್ತದೆ. ಇ-ಆರ್ಕ್ ಇಲ್ಲದಿದ್ದರೆ ಏನೂ ಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಒಟಿಟಿಯವರು ಕಳಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ರೂಪ. ನೆಟ್‌ಫ್ಲಿಕ್ಸ್‌ನ ಅಟ್ಮಾಸ್ ಕೂಡ ಸೆಕೆಂಡಿಗೆ 768 ಕಿಲೋಬಿಟ್ ದಾಟುವುದಿಲ್ಲ. ಅದಕ್ಕೆ ಸಾಮಾನ್ಯ ಆರ್ಕ್ ಸಾಕು. ಇ-ಆರ್ಕ್ ಬೇಕೇಬೇಕಾಗುವುದು ಟಿವಿಗೆ ಜೋಡಿಸಿದ ಬ್ಲೂರೇ ಪ್ಲೇಯರಿನ ಕುಗ್ಗಿಸದ ಸದ್ದಿಗೆ. ಹೊಸ ಮಾದರಿಯಲ್ಲಿ ಅದು ಬಂದೇ ಬಂದರೆ ಬೇಡ ಅನ್ನಬೇಡಿ. ಅದೊಂದಕ್ಕಾಗಿ ಹತ್ತು ಸಾವಿರ ಹೆಚ್ಚು ಕೊಡಬೇಡಿ. ಆಪ್ಟಿಕಲ್ ತಂತಿ ಮಾತ್ರ ಇರುವ ಹಳೆಯ ರಿಸೀವರ್ ಯಾರಾದರೂ ಅಗ್ಗಕ್ಕೆ ಕೊಟ್ಟರೆ, ಅದರಲ್ಲೂ ಡಾಲ್ಬಿ ಡಿಜಿಟಲ್ 5.1 ಬರುತ್ತದೆ ಎಂಬುದು ನೆನಪಿರಲಿ. ಆದರೆ ಟಿವಿ ಒಟಿಟಿಯ ಸದ್ದನ್ನು ಡಾಲ್ಬಿ ಡಿಜಿಟಲ್‌ಗೆ ಬದಲಿಸಿ ಕೊಡಬೇಕು.

ಇಲ್ಲಿ ಬಹಳ ಮನೆಗಳಲ್ಲಿ ಆಗುವ ಒಂದು ಸಂಗತಿ ಹೇಳಬೇಕು. ಎಲ್ಲ ಜೋಡಿಸಿ ಆಗಿರುತ್ತದೆ, ಹಿಂದಿನ ಸ್ಪೀಕರ್ ಮಾತ್ರ ಉಸಿರೆತ್ತುವುದಿಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬುದು ಪಿಸಿಎಂ ಎಂದು ಉಳಿದಿರುತ್ತದೆ. ಎಷ್ಟೋ ಟಿವಿಗಳಲ್ಲಿ ಆಗ ಹೊರಗೆ ಬರುವುದು ಎರಡೇ ಚಾನೆಲ್. ಅದನ್ನು ಪಾಸ್‌ಥ್ರೂ ಅಥವಾ ಆಟೊ ಎಂದು ಬದಲಿಸಿ. ಜೊತೆಗೆ, ಒಂದೇ ಚಿತ್ರಕ್ಕೆ ಭಾಷೆಗೊಂದು ಬಗೆಯ ಟ್ರ್ಯಾಕ್ ಇರುವುದುಂಟು. ಒಂದು ಭಾಷೆಯದು 5.1, ಇನ್ನೊಂದರದು ಬರೀ ಸ್ಟೀರಿಯೊ. ಕನ್ನಡ ಟ್ರ್ಯಾಕ್ ಹಾಕಿ ರಿಸೀವರಿನ ಮುಖದ ಮೇಲೆ ಏನು ಬರುತ್ತಿದೆ ನೋಡಿ, ಆಗ ತಪ್ಪು ಯಾರದೆಂದು ಗೊತ್ತಾಗುತ್ತದೆ. ಚಂದನ ವಾಹಿನಿಯ ವಾರ್ತೆಗೆ ಐದು ಸ್ಪೀಕರ್ ಹುಡುಕುವುದು ಬೇಡ.

ರಿಸೀವರ್ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಮೈಕ್ ಇರಬೇಕು. ಯಮಹಾದವರು ವೈಪಿಎಒ ಎನ್ನುತ್ತಾರೆ, ಡೆನಾನ್‌ನ ಮೇಲಿನ ಮಾದರಿಗಳಲ್ಲಿ ಆಡಿಸ್ಸಿ, ಸೋನಿಯಲ್ಲಿ ಡಿಸಿಎಸಿ. ಕೂರುವ ಜಾಗದಲ್ಲಿ ಮೈಕ್ ಇಟ್ಟರೆ ರಿಸೀವರ್ ತಾನೇ ಸದ್ದು ಮಾಡಿ, ಪ್ರತಿ ಸ್ಪೀಕರಿನ ದೂರ ಮತ್ತು ಮಟ್ಟ ಅಳೆದು ಸರಿಹೊಂದಿಸಿಕೊಳ್ಳುತ್ತದೆ. ಅತಿ ಅಗ್ಗದ ಕೆಲವು ಮಾದರಿಗಳಲ್ಲಿ ಇದನ್ನೇ ಕತ್ತರಿಸಿರುತ್ತಾರೆ, ಪೆಟ್ಟಿಗೆ ಬಿಚ್ಚಿಸಿ ನೋಡಿ ತನ್ನಿ. 8ಕೆ, ಬ್ಲೂಟೂತ್ ಮುಂತಾದ ಎಲ್ಲಕ್ಕಿಂತ ನಮ್ಮ ಮನೆಗಳಿಗೆ ಬೇಕಾದದ್ದು ಇದು. ಗ್ರಾನೈಟ್ ನೆಲ, ಬೋಳು ಗೋಡೆ, ಕಿಟಕಿಯ ಗಾಜು, ಚಪ್ಪಾಳೆ ತಟ್ಟಿದರೆ ಠಣ್ಣೆಂದು ವಾಪಸು ಬರುವ ಹಾಲು. ಅಂಥಲ್ಲಿ ಎಷ್ಟು ಲಕ್ಷದ ರಿಸೀವರೂ ಮಾತನ್ನು ಕಲಸುತ್ತದೆ. ಮೈಕಿನ ಅಳತೆಯೂ ಇದನ್ನು ಪೂರ್ತಿ ಗುಣ ಮಾಡದು, ಕೋಣೆಯಲ್ಲಿ ಸದ್ದು ಹೀರುವ ಸಾಮಾನು ಬೇಕು. ನೆಲಕ್ಕೆ ದಪ್ಪ ಜಮಖಾನ ಹಾಸಿ. ತೆಂಗಿನ ನಾರಿಗೆ ಸದ್ದು ಹೀರುವ ಗುಣ ಚೆನ್ನಾಗಿದೆ, ಮೂರು ನಾಲ್ಕು ಅಂಗುಲ ದಪ್ಪದ ನಾರಿನ ಹಾಸನ್ನು ಬಟ್ಟೆ ಸುತ್ತಿ ಎದುರು ಗೋಡೆಗೆ ನಿಲ್ಲಿಸಿದರೆ ಅಂಗಡಿಯ ಫೋಮಿಗಿಂತ ಕಡಿಮೆಯೇನಲ್ಲ. ತೆಳ್ಳನೆಯ ಕಾಲೊರಸಿನಿಂದ ಹೆಚ್ಚೇನೂ ಆಗದು. ಒಲೆ, ದೀಪದಿಂದ ದೂರವಿರಲಿ.

ಕಂಪನಿ ಯಾವುದು ಎಂದರೆ ಯಮಹಾ, ಡೆನಾನ್, ಸೋನಿ, ಆಂಕಿಯೊ ಯಾವುದಾದರೂ ಸರಿ. 5.1 ಸಾಲಿನಲ್ಲಿ ಯಮಹಾದ ಆರ್‌ಎಕ್ಸ್-ವಿ385, ಮೇಲೆ ಹೇಳಿದ ಸೋನಿ, ಎರಡೂ 2018ರಲ್ಲಿ ಬಂದವು. ಅಟ್ಮಾಸ್ ಇಲ್ಲ, ಮೈಕ್ ಇದೆ, ನಾಲ್ಕು ಎಚ್‌ಡಿಎಂಐ ಇವೆ. ಹಳೆಯ ಮಾದರಿ ಎಂದು ಮೂಗು ಮುರಿಯುವ ಅಗತ್ಯ ಇಲ್ಲ, ಹಳತೆಂದು ಹೇಳಿಯೇ ಬೆಲೆ ಇಳಿಸಿಕೊಳ್ಳಿ. ಕಂಪನಿಗಿಂತ ದೊಡ್ಡ ಪ್ರಶ್ನೆ ಸರ್ವಿಸ್ ಎಲ್ಲಿ ಎಂಬುದು. ಈ ವ್ಯಾಪಾರದಲ್ಲಿ ಕಂಪನಿಗಳು ಕೈ ಬದಲಾಗುತ್ತಲೇ ಇರುತ್ತವೆ. ಜಪಾನಿನ ಆಂಕಿಯೊ 2022ರಲ್ಲಿ ದಿವಾಳಿಯಾಯಿತು, ಅದರ ರಿಸೀವರ್ ವ್ಯಾಪಾರ ಅದಕ್ಕೂ ಮೊದಲೇ ಬೇರೆಯವರ ಪಾಲಾಗಿತ್ತು. ಡೆನಾನ್ 2022ರಲ್ಲಿ ಮಾಸಿಮೊಗೆ, 2025ರಲ್ಲಿ ಸ್ಯಾಮ್ಸಂಗ್‌ನ ಹರ್ಮನ್‌ಗೆ ಹೋಯಿತು. ಹೆಸರು ಉಳಿದರೂ ಬಿಡಿಭಾಗ ತರಿಸಿಕೊಡುವವರು ಯಾರು, ವಾರಂಟಿ ಎಷ್ಟು ವರ್ಷ, ರಿಸೀವರನ್ನು ತಿಪಟೂರಿನಿಂದ ಬಂದು ಒಯ್ಯುತ್ತಾರೋ, ನಾವೇ ತುಮಕೂರಿಗೋ ಬೆಂಗಳೂರಿಗೋ ಹೊರಬೇಕೋ, ಇಷ್ಟನ್ನು ಬಿಲ್ಲು ಹಾಕಿಸುವ ಮೊದಲೇ ಕೇಳಿ. ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ, ರೈಲಿನಲ್ಲೋ ಬಸ್ಸಿನಲ್ಲೋ ವಾಪಸು ಒಯ್ಯುವ ದಿನ ಬೇಕಾಗುತ್ತದೆ.

ಅಮೆರಿಕದಲ್ಲಿರುವ ನೆಂಟರು ‘ಇಲ್ಲಿ ಅರ್ಧ ಬೆಲೆ, ತರ್ತೀನಿ’ ಎಂದರೆ ಚಾಕಲೇಟು ತರಲು ಹೇಳಿ. ಅಲ್ಲಿನ ರಿಸೀವರ್ 120 ವೋಲ್ಟಿನದು. ಇಲ್ಲಿನ ಪ್ಲಗ್ಗಿಗೆ ನೇರ ಹಾಕಿದರೆ ಆ ಕ್ಷಣವೇ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೂ, ಯಾರೋ ಒಬ್ಬರು ಕಸ ಗುಡಿಸುವಾಗ ಪ್ಲಗ್ ತೆಗೆದು ಪಕ್ಕದ್ದಕ್ಕೆ ಹಾಕುವವರೆಗೆ ಮಾತ್ರ ಅದರ ಆಯುಸ್ಸು. ಇಲ್ಲಿ ವಾರಂಟಿಯೂ ಇಲ್ಲ. ಇನ್ನೊಂದು ಕಡೆ, ಬೆಂಗಳೂರಿನ ಎಸ್‌ಪಿ ರೋಡಿನಿಂದ ಬೋರ್ಡು ತಂದು ಊರಿನಲ್ಲೇ ಜೋಡಿಸಿಕೊಡುವ ಅಸೆಂಬಲ್ಡ್ 5.1 ಆಂಪ್ಲಿಫೈಯರ್‌ಗಳಿವೆ. ಕೆಟ್ಟರೆ ಜೋಡಿಸಿದವರೇ ರಿಪೇರಿ ಮಾಡಿಕೊಡುವುದು ಅದರ ದೊಡ್ಡ ಗುಣ. ಅವುಗಳಲ್ಲಿ ಎಷ್ಟೋ ಕೇವಲ ಸ್ಟೀರಿಯೊವನ್ನೇ ಐದು ಕಡೆಗೆ ಹಂಚುವಂಥವು. ಡಾಲ್ಬಿ ಬಿಡಿಸುವ ಡಿಕೋಡರ್ ಬೋರ್ಡು ಇದೆಯೇ ಎಂದು ಕೇಳಿಕೊಂಡೇ ಮುಂದುವರಿಯಿರಿ. ದೇವಸ್ಥಾನದ ಮೈಕ್ ಸೆಟ್ಟಿನ ಕಾಲಂ ಸ್ಪೀಕರ್ ಮನೆಯಲ್ಲಿದ್ದರೆ ರಿಸೀವರಿಗೆ ಹಾಕುವ ಆಸೆ ಬೇಡ. 100 ವೋಲ್ಟ್ ಲೈನಿನ ಸ್ಪೀಕರ್ ಬೇರೆಯ ಜಾತಿ.

ಅಂಗಡಿಯಲ್ಲಿ ಕೇಳಿ ನೋಡುವಾಗ ಅವರು ಹಾಕುವ ಬಾಂಬು, ಹೆಲಿಕಾಪ್ಟರಿನ ಡೆಮೊ ವಿಡಿಯೊ ಕೇಳಬೇಡಿ. ನಿಮಗೆ ಬಾಯಿಪಾಠವಾದ ಒಂದು ಹಾಡು, ಒಂದು ಮಾತಿನ ದೃಶ್ಯ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಮೂಡಲಪಾಯ ಯಕ್ಷಗಾನದ ರೆಕಾರ್ಡಿಂಗ್ ಇದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಮುಖವೀಣೆಯ ಚೂಪು ದನಿ ಕೆಟ್ಟ ಸ್ಪೀಕರಿನಲ್ಲಿ ಹತ್ತೇ ನಿಮಿಷಕ್ಕೆ ತಲೆನೋವು ತರಿಸುತ್ತದೆ, ಮದ್ದಳೆಯ ಪೆಟ್ಟು ಕೆಟ್ಟ ಸಬ್‌ವೂಫರಿನಲ್ಲಿ ಬರೀ ಗುಡುಗುಡು ಆಗುತ್ತದೆ.

ವೈರಿಗೆ ಹೆಸರಾಂತ ಆಡಿಯೊ ಕೇಬಲ್ ಬೇಕಿಲ್ಲ. 1.5 ಚದರ ಮಿಲಿಮೀಟರಿನ ತಾಮ್ರದ ಮಲ್ಟಿಸ್ಟ್ರಾಂಡ್ ವೈರು ಹತ್ತು ಮೀಟರ್ ದೂರಕ್ಕೆ ಹೋಗಿ ಬರುವಾಗ ಕಳೆಯುವುದು ಕಾಲು ಓಮ್, 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕಿಲ್ಲ. ಅದಕ್ಕೂ ದೂರವಾದರೆ 2.5ರದ್ದು. ಅಲ್ಯೂಮಿನಿಯಂಗೆ ತಾಮ್ರ ಬಳಿದ ವೈರು ಕೊಡುತ್ತಾರೆ, ತುದಿ ಕೆರೆದು ಒಳಗೆ ಬೆಳ್ಳಗಿದ್ದರೆ ವಾಪಸು ಮಾಡಿ. ಹಿಂದಿನ ಸ್ಪೀಕರಿನ ವೈರು ಪಿವಿಸಿ ಪೈಪಿನೊಳಗೇ ಹೋಗಲಿ. ಕೊಬ್ಬರಿ ಇಟ್ಟ ಮನೆಯಲ್ಲಿ ಇಲಿ ಇಲ್ಲದಿರುವುದಿಲ್ಲ, ಇಲಿ ಕಡಿದ ವೈರಿನ ಎರಡು ಎಳೆ ತಾಗಿದರೆ ರಿಸೀವರಿನ ಔಟ್‌ಪುಟ್ಟಿಗೆ ಕುತ್ತು. ಗಾಜಿನ ಬಾಗಿಲಿನ ಶೋಕೇಸಿನೊಳಗೆ ರಿಸೀವರನ್ನು ಕೂರಿಸಬೇಡಿ. ಮೇಲೆ ಒಂದು ಗೇಣಾದರೂ ಖಾಲಿ ಬಿಡಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸನ್ನೂ ಕಸೂತಿ ಬಟ್ಟೆಯನ್ನೂ ಹಾಕದಿರಿ. ಬೆಚ್ಚಗಿನ ಜಾಗ ಹುಡುಕಿ ಜಿರಲೆ, ಹಲ್ಲಿ ಬರುತ್ತವೆ. ಬಳಸದ ದಿನಗಳಲ್ಲಿ ಸ್ವಿಚ್ಚನ್ನೇ ಆರಿಸಿಟ್ಟರೆ ಅವಕ್ಕೆ ಬೆಚ್ಚಗೂ ಇರದು, ಮೀಟರಿಗೂ ಒಳ್ಳೆಯದು.

ಮೈಕಿನ ಅಳತೆಯನ್ನು ರಾತ್ರಿ ಹತ್ತರ ಮೇಲೆ ಮಾಡಿ. ಹಿಟ್ಟಿನ ಗಿರಣಿ, ಮೋಟರು, ಫ್ಯಾನು, ಮಿಕ್ಸಿ ಎಲ್ಲ ನಿಂತಿರಲಿ. ಮೈಕನ್ನು ಕೂತವರ ಕಿವಿಯ ಎತ್ತರಕ್ಕೆ ಸ್ಟೂಲಿನ ಮೇಲೆ ಇಡಿ, ಸೋಫಾದ ಬೆನ್ನಿಗೆ ಒರಗಿಸಬೇಡಿ. ಅಳತೆ ಮುಗಿದ ಮೇಲೆ ಕ್ರಾಸ್‌ಓವರ್ ಎಷ್ಟಿದೆ ನೋಡಿ, ಸಣ್ಣ ಸ್ಪೀಕರ್‌ಗಳಿಗೆ 80 ಹರ್ಟ್ಸ್ ಹಾಕಿದರೆ ಭಾರದ ಸದ್ದೆಲ್ಲ ಸಬ್‌ವೂಫರಿಗೆ ಹೋಗಿ ರಿಸೀವರಿನ ಹೊರೆ ಇಳಿಯುತ್ತದೆ. ಸಬ್‌ವೂಫರ್ ಎಲ್ಲಿಡುವುದು ಎಂಬುದಕ್ಕೆ ಒಂದು ಉಪಾಯವಿದೆ, ಮನೆಯವರು ನಕ್ಕರೂ ಮಾಡಿ. ನೀವು ಕೂರುವ ಜಾಗದಲ್ಲಿ ಸಬ್‌ವೂಫರನ್ನು ಇಟ್ಟು ತಳದ ಸದ್ದಿರುವ ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟು ಹೋಗುತ್ತ ಕೇಳಿ. ಎಲ್ಲಿ ಸದ್ದು ಗುಂಯ್ಗುಡದೆ ಹದವಾಗಿ ಕೇಳುತ್ತದೋ ಸಬ್‌ವೂಫರಿನ ಜಾಗ ಅದು. ಅಷ್ಟಾದ ಮೇಲೂ ಅಜ್ಜಿಗೆ ಮಾತು ಕೇಳದಿದ್ದರೆ ಸೆಂಟರ್ ಮಟ್ಟವನ್ನು ಎರಡು ಮೂರು ಡೆಸಿಬಲ್ ಏರಿಸಿ, ರಾತ್ರಿ ಹೊತ್ತು ನೈಟ್ ಮೋಡ್ ಅಥವಾ ಡೈನಮಿಕ್ ರೇಂಜ್ ಎಂಬುದನ್ನು ಆನ್ ಮಾಡಿ. ಜೋರು ಸದ್ದು ತಗ್ಗುತ್ತದೆ, ಮಾತು ಮೇಲೆ ಬರುತ್ತದೆ. ಈ ಗುಂಡಿಗಳು ಮೂರು ಕ್ವಿಂಟಲ್ಲಿನ ರಿಸೀವರಿನಲ್ಲೂ ಇವೆ, ಹತ್ತು ಕ್ವಿಂಟಲ್ಲಿನದರಲ್ಲೂ ಇವೆ.